ಚೀಲದ ತೂಕ

ಮುಂಜಾನಿ ಆರಕ್ಕ ತೂಕ.
ಚಹಾಕ್ಕಿಂತ ಮೊದಲ, ಬಚ್ಚಲಕ್ಕ ಹೋಗಿಬಂದ ಮ್ಯಾಲ,
ಅದೇ ಅಂಗಿ, ಅದೇ ಲುಂಗಿ, ಅದೇ ತಕ್ಕಡಿ.
ಹಂಗಂತ ಎಸ್ತರಮ್ಮ ಸಿಸ್ಟರ್ ಕಲಿಸಿದ್ದು
ನನಗ ಇಪ್ಪತ್ತೊಂದು ವರ್ಷಿದ್ದಾಗ.
ಅಕಿ ಹೇಳದೇ ಬಿಟ್ಟಿದ್ದು ಒಂದೇ:
ಈ ವಾರ್ಡಿನ ಶಹಾಬಾದ ಫರಸಿ ಎಲ್ಲೂ ಸಮ ಇಲ್ಲ.
ಹದಿನಾಲ್ಕನೇ ಮಂಚದ ಕಾಲದೆಸಿ ಒಂದು ಕಲ್ಲು
ಮಂದಿ ತುಳಿದು ತುಳಿದು ಸವೆದು ನುಣ್ಣಗಾಗ್ಯಾದ,
ಅದೊಂದರ ಮ್ಯಾಲ ತಕ್ಕಡಿ ಅಲಗಾಡಂಗಿಲ್ಲ.

ಕಲ್ಲು ಹುಡುಕಿ ಕೊಟ್ಟಾಂವ ಲಾಡ್ಲೇಸಾಬ,
ಕಲಬುರ್ಗಿ ಗಂಜಿನ್ಯಾಗ ಮೂವತ್ತೆಂಟು ವರ್ಷ ತೊಗರಿ ತೂಗಿದಾಂವ.
ಕಾಲು ಬಾತು, ಹೊಟ್ಟಿ ಬಾತು,
ಮೂರು ದಿಂಬು ಇಟ್ಟರೂ ಉಸಿರು ಸಾಲದ ಹೊತ್ತಿನ್ಯಾಗೂ
ತಕ್ಕಡಿ ಏರೂ ಮೊದಲ ಬಗ್ಗಿ ಮುಳ್ಳು ನೋಡಿದ:
“ಸಿಸ್ಟರ್, ಸೊನ್ನಿ ಮ್ಯಾಲ ನಿಂತಿಲ್ಲ, ಅರ್ಧ ಕಿಲೋ ಮುಂದದ.
ನಮ್ಮಲ್ಲಾಗಿದ್ರ ರೈತ ಜಗಳಾ ತಗೀತಿದ್ದ.”

ಎತ್ತರ ಒಂದು ಸಲ ಬರದ್ರ ಮುಗೀತು.
ಗ್ವಾಡಿಗೆ ಹಿಮ್ಮಡ ಹಚ್ಚಿ ನಿಲ್ಲಿಸಿ, ನೆತ್ತಿ ಮ್ಯಾಲ ಪಟ್ಟಿ ಇಳಿಸಿದೆ.
ನೂರಾ ಅರವತ್ಮೂರು ಸೆಂಟಿಮೀಟರ್.
“ಲಗ್ನದಾಗ ಐದು ಫೂಟು ಏಳು ಇಂಚಿದ್ದೆ.”
ಉಳಿದಿದ್ದು?
“ಹಮಾಲಿ ಮಾಡೂಮುಂದ ಚೀಲದ ಕೆಳಗ ಹೋತು.
ಆಗಿನ ಚೀಲ ನೂರು ಕಿಲೋ.”
ಕೇಸ್ ಶೀಟಿನ್ಯಾಗ ಅದಕ್ಕೊಂದು ಖಾನೆ ಇರಲಿಲ್ಲ.

ತೂಕ ಎಪ್ಪತ್ತೊಂದೂವರಿ. ತೋಳು ನೋಡಿದ್ರ ಜ್ವಾಳದ ದಂಟು.
ಇದು ಮೈ ಅಲ್ಲ, ನೀರು ಅಂತ ಹೆಂಗ ತಿಳಿಸಲಿ,
ನಾ ಮಾತು ಹುಡುಕೂದ್ರಾಗ ಅವನೇ ಅಂದ:
“ಹಸಿ ತೊಗರಿ. ಸಂಕ್ರಾಂತಿ ಹಿಂದಮುಂದ ಬರ್ತದಲ್ಲ,
ತೂಕ ಜಾಸ್ತಿ, ಕಾಳು ಕಮ್ಮಿ.
ಒಣಗಸ್ರಿ. ಒಣಗಿ ಎಷ್ಟು ಉಳೀತದೋ ಅದೇ ಖರೆ.”
ತಾಯತಕ್ಕ, ಲುಂಗಿಗೆ, ಕಿಸೆದಾಗಿನ ಚಸ್ಮಾಕ್ಕ
“ಚೀಲದ ತೂಕ ಕಳೀರಿ” ಅಂತಿದ್ದ ದಿನಾಲೂ.

ಎಪ್ಪತ್ತು. ಅರವತ್ತೊಂಬತ್ತೂವರಿ. ಅರವತ್ತೆಂಟೂವರಿ.
ಇಳಿದಷ್ಟೂ ಲಾಭ ಇರೂ ವ್ಯಾಪಾರ ಇದೊಂದೇ ನೋಡೀನಿ ಅಂತ ನಗತಿದ್ದ.

ಐದನೇ ರಾತ್ರಿ ಮೂವತ್ತೊಂಬತ್ತು ಪೇಶಂಟಿಗೆ ನಾನೊಬ್ಬಾಕಿ.
ಎರಡು ಹೊಸ ದಾಖಲು, ಒಂದು ಸಾವು, ಕರೆಂಟಿಲ್ಲ.
ಆರು ಹೊಡಿಯೂಮುಂದ ಆಂವ ಮಲಗಿದ್ದ.
ಎಬ್ಬಿಸಲಿಲ್ಲ.
ನಿನ್ನಿ ಅಂಕಿ ನೋಡಿ ಅದನ್ನೇ ಇಳಿಸಿದೆ, ಅರವತ್ತೆಂಟೂವರಿ,
ಮುಂದ ನನ್ನ ಸಹಿ, ಜಗದೇವಿ, ದುಂಡಗ.
ಪೆನ್ನು ಎಲ್ಲೂ ತಡವರಿಸಲಿಲ್ಲ.
ಮರುದಿನಾನೂ ಹಂಗೇ.

ಡಾಕ್ಟರು ರೌಂಡಿಗೆ ಬಂದು ಹಾಳಿ ನೋಡಿ
“ಏರಿಲ್ಲ, ಇಳಿದಿಲ್ಲ, ಅದೇ ಗುಳಿಗಿ ಸಾಕು” ಅಂದು ಮುಂದ ಹೋದರು.

ಮೂರನೇ ರಾತ್ರಿ ಲಾಡ್ಲೇಸಾಬ ಎದ್ದು ಕುಂತು
ಕಿಟಕಿ ಸರಳು ಹಿಡಕೊಂಡು ಗಾಳಿ ಹುಡಕ್ಲತ್ತಿದ್ದ.
ಆಕ್ಸಿಜನ್ನು, ಸೂಜಿ, ಓಡಾಟ.
ಬೆಳಕು ಹರಿಯೂದ್ರಾಗ ತಡೀತು.
ಆರಕ್ಕ ಇಬ್ಬರು ಹಿಡಿದು ಸವೆದ ಕಲ್ಲಿನ ಮ್ಯಾಲ ನಿಲ್ಲಿಸಿದಿವಿ.
ಎಪ್ಪತ್ತೂವರಿ.
ಆಂವ ಮುಳ್ಳು ನೋಡಿದ. ಆಮ್ಯಾಲ ನನ್ನ ಹಾಳಿ ನೋಡಿದ.
ಅಕ್ಷರ ಬರೂದಿಲ್ಲ, ಅಂಕಿ ಬರ್ತಾವ ಅವಗ.

ಭಾಳ ಹೊತ್ತಿನ ಮ್ಯಾಲ ಅಂದ:
“ತೂಗದೇ ಬರದ ಚೀಟಿ ನಂದೂ ಅವ.
ಯಾವ ಅಡತಿ, ಯಾವ ರೈತ, ಕೇಳಬ್ಯಾಡ್ರಿ.”

ನಾ ಏನೂ ಅನ್ನಲಿಲ್ಲ.
ಆ ಎರಡು ಅಂಕಿ ಮ್ಯಾಲ ಒಂದೊಂದು ಗೆರಿ ಎಳೆದೆ,
ಕೆಳಗಿಂದು ಓದ್ಲಾಕ ಬರೂಹಂಗ,
ಬಾಜೂಕ “ತೂಕ ಮಾಡಿಲ್ಲ” ಅಂತ ಬರದು
ಮತ್ತ ಸಹಿ ಹಾಕಿದೆ. ಈ ಸಲ ಅಕ್ಷರ ದುಂಡಗ ಬರಲಿಲ್ಲ.
ನೋಟೀಸು ಬಂತು, ಉತ್ತರ ಕೊಟ್ಟೆ, ಅದು ಬ್ಯಾರೆ ಮಾತು.

ಮನಿಗಿ ಹೋಗೂ ದಿನ ತಾನೇ ತಕ್ಕಡಿ ಎಳಕೊಂಡು
ಕಲ್ಲಿನ ಮ್ಯಾಲ ಇಟ್ಟ, ಸೊನ್ನಿ ತಿರುವಿದ, ಏರಿದ.
ತಾಯತ, ಚಸ್ಮಾ ಕಳದು ಅರವತ್ತೊಂದು.
“ಇಷ್ಟೇ ಏನ್ರಿ ನಾನು?”
ಮಗಳು ಆಟೋ ನಿಂತದ ಅಂತ ಬಾಗಿಲದಾಗ ಕರೀಲತ್ತಿದ್ದಳು.
ಆಂವ ಇಳೀಲಿಲ್ಲ,
ಮುಳ್ಳು ಪೂರಾ ನಿಲ್ಲೂತನಕ ಕಾಯ್ದ.